ಆಚೆ ಕಡೆಯ ಚಿಲಕ

ಭಾಲ್ಕಿಯಲ್ಲಿ ಯಾರಾದರೂ ಮನೆ ಮಾರಲು ಹೊರಟರೆ ಒಂದು ಸಲ ನನ್ನ ಕಟ್ಟೆಗೆ ಬಂದು ಕೂತು ಹೋಗುವುದುಂಟು. ನಾನು ವಕೀಲಳಲ್ಲ, ದಲ್ಲಾಳಿಯೂ ಅಲ್ಲ. ಆದರೂ ಕೇಳುತ್ತಾರೆ: ಕೊಳ್ಳುವವರಿಗೆ ಏನೇನು ಹೇಳಬೇಕು, ಏನೇನು ನುಂಗಿಕೊಳ್ಳಬೇಕು? ನುಂಗಿಕೊಳ್ಳುವುದಕ್ಕೆ ಅವರಿಗೆ ನನ್ನ ಸಹಾಯ ಬೇಕಿಲ್ಲ, ಅದು ಚೆನ್ನಾಗಿಯೇ ಗೊತ್ತಿರುತ್ತದೆ. ಹೇಳುವ ಮಾತು ಬಂದಾಗ ನಾನು ಕೇಶರಬಾಯಿಯ ಸಂಗತಿ ತೆಗೆಯುತ್ತೇನೆ. ನಮಗೆ ಈ ಮನೆ ಮಾರಿದವಳು ಆಕೆ. ಮನೆ ಮಾರುವಾಗ ಅಷ್ಟು ಬಿಚ್ಚಿ ಮಾತಾಡಿದ ಇನ್ನೊಬ್ಬಳನ್ನು ನಾನು ಕಂಡಿಲ್ಲ. ಅಷ್ಟು ದೊಡ್ಡ ಮಾತನ್ನು ಬಿಟ್ಟು ಹೋದವಳನ್ನೂ ಕಂಡಿಲ್ಲ.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಾತು ಇದು. ಹೈದರಾಬಾದ್ ರಾಜ್ಯ ಮುರಿದು ಮೂರು ಪಾಲಾಗಿತ್ತು. ಕಚೇರಿಗಳಲ್ಲಿ ಉರ್ದು ಬರೆದ ಕೈಗಳೇ ಕನ್ನಡ ಅಕ್ಷರ ತಿದ್ದುತ್ತಿದ್ದವು. ಹೊಸ ಕನ್ನಡ ಸಾಲೆಗಳಿಗೆ ಮಾಸ್ತರುಗಳು ಸಾಲದೆ ನಮ್ಮ ಧಾರವಾಡದ ಕಡೆಯಿಂದ ಕರೆಸಿಕೊಂಡರು. ಹಾಗೆ ಬಂದವರಲ್ಲಿ ನಮ್ಮವರೂ ಒಬ್ಬರು. ರೈಲು ಇಳಿದ ದಿನ ನಾನು ಕಂಡದ್ದು ಕೆಂಪು ಮಣ್ಣು, ಕೆಂಪು ಕಲ್ಲು, ಕೆಂಪಾದ ನನ್ನ ಸೀರೆಯ ಅಂಚು. ಇಲ್ಲಿ ಒಂದು ವರ್ಷ ಕಳೆದರೆ ಸಾಕು, ವರ್ಗ ಮಾಡಿಸಿಕೊಂಡು ವಾಪಸ್ ಹೋಗೋಣ ಎಂದುಕೊಂಡಿದ್ದೆ. ನಮ್ಮವರಿಗೆ ಊರು ಹಿಡಿಸಿಬಿಟ್ಟಿತು. ತಮ್ಮ ಪಾಲಿನ ಹೊಲವನ್ನು ಅಣ್ಣನಿಗೆ ಬಿಟ್ಟುಕೊಟ್ಟು, ಇಲ್ಲೇ ಮನೆ ಕೊಳ್ಳುತ್ತೇನೆ ಎಂದು ಕೂತರು. ನಾನು ಎಂಟು ದಿನ ಮಾತು ಬಿಟ್ಟೆ. ಅವರು ಅದನ್ನು ಗಮನಿಸಿದಂತೆಯೇ ಕಾಣಲಿಲ್ಲ.

ಕೇಶರಬಾಯಿಯ ಗಂಡ ಕಾಶೀರಾಮ ತಾಲ್ಲೂಕು ಕಚೇರಿಯಲ್ಲಿ ಚಪರಾಸಿ. ಕಚೇರಿಗಳೆಲ್ಲ ಅದಲುಬದಲಾದಾಗ ಅವನನ್ನು ಔರಾದಕ್ಕೆ ಹಾಕಿದ್ದರು. ಕೇಶರಬಾಯಿಯ ತವರೂ ಅದೇ ಕಡೆ. ಹೇಗೂ ಹೋಗುವುದೇ ಆಯಿತು, ಇಲ್ಲಿಯದು ಮಾರಿ ಅಲ್ಲೊಂದು ಸೂರು ಮಾಡಿಕೊಳ್ಳೋಣ ಎಂದು ಗಂಡ ಹೆಂಡತಿ ನಿಶ್ಚಯಿಸಿದ್ದರು. ಮನೆಯನ್ನು ಕೇಶರಬಾಯಿಯ ಅತ್ತೆ ಭಾಗೀರಥಿಬಾಯಿ ಸೊಸೆಯ ಹೆಸರಿಗೆ ಮಾಡಿ ಸತ್ತಿದ್ದಳು. ಆದ್ದರಿಂದ ತೋರಿಸುವ ಅಧಿಕಾರ, ಮಾತಾಡುವ ಅಧಿಕಾರ ಎಲ್ಲ ಕೇಶರಬಾಯಿಯದೇ. ಅಲ್ಲೇ ಬಂದಿತ್ತು ತೊಂದರೆ.

ನಮಗಿಂತ ಮೊದಲು ಮೆಹಕರದ ಒಬ್ಬ ರೈತ ನೋಡಿ ಹೋಗಿದ್ದನಂತೆ, ಭಾತಂಬ್ರಾದ ಒಬ್ಬ ಕಾಳಿನ ವ್ಯಾಪಾರಿ ನೋಡಿ ಹೋಗಿದ್ದನಂತೆ. ಇಬ್ಬರೂ ಮತ್ತೆ ಮುಖ ತೋರಿಸಿರಲಿಲ್ಲ. ಯಾಕೆ ಎಂಬುದು ನಾವು ಹೋದ ದಿನ ತಿಳಿಯಿತು.

ಹೊಸ್ತಿಲು ದಾಟುವ ಮೊದಲೇ ಕೇಶರಬಾಯಿ ಕೈ ಅಡ್ಡ ಹಿಡಿದಳು. ಎತ್ತರದ ಹೆಂಗಸು, ಹಣೆಯ ತುಂಬ ಕುಂಕುಮ, ಮಾತಾಡುವಾಗ ಎದುರಿಗಿದ್ದವರ ಮೊಣಕೈ ಹಿಡಿದುಕೊಂಡೇ ಮಾತಾಡುವ ಅಭ್ಯಾಸ.

"ತೆಲಿ ಬಗ್ಗಿಸ್ರಿ ಮಾಸ್ತರ್. ಈ ಚೌಕಟ್ಟ ಗಿಡ್ಡ ಅದ. ನಮ್ಮ ಮನಿಯವರ ಹಣಿ ನೋಡ್ರಿ, ಗುರುತ ಇನ್ನಾ ಹೋಗಿಲ್ಲ."

ಕಾಶೀರಾಮ ಹಣೆ ಮುಟ್ಟಿಕೊಂಡ. ಅಲ್ಲಿಂದ ಶುರುವಾಯಿತು. ಮಾಳಿಗೆಯ ತೆಂಕಣ ಮೂಲೆ ಮಘಾ ಮಳೆಗೆ ಸೋರುತ್ತದೆ. ಬೇಸಿಗೆಯಲ್ಲಿ ಮೇಲೆ ಹೊಸ ಮಣ್ಣು ಹಾಕಿಸದಿದ್ದರೆ ಹುಲ್ಲು ಬೆಳೆದು ಇನ್ನೂ ಸೋರುತ್ತದೆ. ಪಡುವಣ ಗಾಳಿ ಬೀಸಿದರೆ ಒಲೆಯ ಹೊಗೆ ಹೊರಗೆ ಹೋಗದೆ ಅಡುಗೆ ಮನೆಯಲ್ಲೇ ಸುತ್ತುತ್ತದೆ. ದನದ ಕೊಟ್ಟಿಗೆಯಲ್ಲಿ ಚೇಳು. ನಡುಮನೆಯ ತೊಲೆಯೊಂದು ಸೀಳಿದೆ, ಆದರೆ ಸೀಳಿದ್ದು ತನ್ನ ಮದುವೆಗೆ ಮೊದಲು, ಇನ್ನೂ ಬಿದ್ದಿಲ್ಲ. ಪಡಸಾಲೆಯ ನಡುವೆ ನಿಂತು ಆಕೆ ಹಿಮ್ಮಡಿಯಿಂದ ನೆಲ ಗುದ್ದಿದಳು. ಕೆಳಗಿನಿಂದ ಪೊಳ್ಳು ಸಪ್ಪಳ ಬಂತು.

"ಕೆಳಗ ಹಗೇವು ಅದರಿ. ನಮ್ಮತ್ತಿ ಕಾಲಕ್ಕ ಜ್ವಾಳ ತುಂಬತಿದ್ರು. ಈಗ ಖಾಲಿ. ಇಲ್ಲಿ ಮಂಚ ಹಾಕಬ್ಯಾಡ್ರಿ, ಕಾಲ ಕುಸೀತದ. ತಂಗಿ, ನೀನೂ ನೆನಪಿಡು."

ಕಾಶೀರಾಮನಿಗೆ ತಡೆಯಲಾಗಲಿಲ್ಲ. "ನೋಡ್ರಿ ಮಾಸ್ತರ್, ಇಕಿ ಮನಿ ಮಾರ್ಲಿಕ್ಕ ನಿಂತಾಳೋ ಕೆಡವ್ಲಿಕ್ಕ ನಿಂತಾಳೋ ನನಗಂತೂ ತಿಳೀವಲ್ದು. ಹಿಂಗಾದ್ರ ಔರಾದದಾಗ ನಾವು ಗಿಡದ ಕೆಳಗ ಮಲಗಬೇಕಾಗ್ತದ."

"ಹೇಳದೆ ಮಾರಿದ್ರ ಅವರು ನಾಳಿ ಬಂದು ನಿನಗ ಬೈತಾರ. ಆಗ ನೀ ಔರಾದದಾಗೂ ಗಿಡದ ಕೆಳಗೇ ಕೂಡ್ತಿ, ನಾಚಿಕಿಗಿ," ಎಂದಳು ಕೇಶರಬಾಯಿ.

ನನಗೋ ಒಳಗೊಳಗೇ ಖುಷಿ. ಇಷ್ಟೆಲ್ಲ ಕೇಳಿದ ಮೇಲೆ ನಮ್ಮವರು ಈ ಮನೆ ಕೊಳ್ಳುವುದಿಲ್ಲ, ನಾವು ಧಾರವಾಡಕ್ಕೆ ಹೋಗುತ್ತೇವೆ ಎಂದು ಲೆಕ್ಕ ಹಾಕುತ್ತಿದ್ದೆ. ಕೊನೆಗೆ ಹಿತ್ತಿಲು ತೋರಿಸಿದಳು. ಅಲ್ಲಿ ಕೆಂಪುಕಲ್ಲಿನ ಕಟ್ಟೆಯ ಬಾವಿ. ಬಾವಿಯ ಮುಂದೆ ಮಾತ್ರ ಆಕೆ ಐಬು ಹೇಳಲಿಲ್ಲ. ಹಗ್ಗ ಇಳಿಬಿಟ್ಟು ನೀರು ಸೇದಿ ಇಬ್ಬರಿಗೂ ಕುಡಿಸಿದಳು. ನಾನು ಆವರೆಗೆ ಈ ಊರಿನಲ್ಲಿ ಅಂಥ ನೀರು ಕುಡಿದಿರಲಿಲ್ಲ.

ಬಾವಿಯ ಹಿಂದಿನ ಗೋಡೆಯಲ್ಲಿ ಒಂದು ಕಿರಿದಾದ ಬಾಗಿಲಿತ್ತು. ಅದನ್ನು ನಾನು ನೋಡಿದೆ, ನಮ್ಮವರೂ ನೋಡಿದರು. ಈ ಕಡೆ ಚಿಲಕವಿಲ್ಲ, ಕೊಂಡಿಯಿಲ್ಲ, ಹಿಡಿದು ಎಳೆಯಲು ಒಂದು ಬಳೆಯೂ ಇಲ್ಲ. ಯಾವ ಕಾಲದಲ್ಲೋ ಮುಚ್ಚಿಹೋದದ್ದಿರಬೇಕು ಎಂದುಕೊಂಡೆವು. ಚೇಳಿನ ಸುದ್ದಿ ಸಹ ಬಿಡದ ಹೆಂಗಸು ಅದರ ಬಗ್ಗೆ ಏನೂ ಹೇಳಲಿಲ್ಲವಾದ್ದರಿಂದ ನಾವೂ ಕೇಳಲಿಲ್ಲ.

ಹೊರಗೆ ಬಂದು ನಮ್ಮವರು ನನ್ನ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿದರು. "ಇಷ್ಟು ಐಬು ತಾನ ಹೇಳಿದಾಕಿ ಮತ್ತೇನನ್ನೂ ಮುಚ್ಚಿಟ್ಟಿರೂದಿಲ್ಲ. ಈ ಮನೀನ ತಗೊಳ್ಳೋಣ," ಎಂದರು. ಹೀಗೆ ಮನೆ ನಮ್ಮದಾಯಿತು. ಕೇಶರಬಾಯಿ ಹೋಗುವ ದಿನ ನನ್ನ ಮೊಣಕೈ ಹಿಡಿದು, ತೆಂಕಣ ಮೂಲೆಯ ವಿಷಯ ಮತ್ತೊಂದು ಸಲ ಹೇಳಿ ಬಂಡಿ ಹತ್ತಿದಳು.

ಮರುದಿನ ಬೆಳಿಗ್ಗೆ ನಾನು ಬಾವಿಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದೆ. ಗೋಡೆಯ ಆಚೆ ಕಬ್ಬಿಣ ಕಿರುಗುಟ್ಟಿತು. ಮುಚ್ಚಿಹೋಗಿದೆ ಎಂದುಕೊಂಡಿದ್ದ ಬಾಗಿಲು ತೆರೆಯಿತು. ತಲೆಯ ಮೇಲೆ ಓಢಣಿ ಹೊದ್ದ ಒಬ್ಬ ಹೆಂಗಸು, ಕಂಕುಳಲ್ಲಿ ಖಾಲಿ ಕೊಡ, ತನ್ನ ಮನೆಗೇ ಬಂದಷ್ಟು ಸಲೀಸಾಗಿ ಒಳಗೆ ಕಾಲಿಟ್ಟಳು. ನನ್ನನ್ನು ನೋಡಿ ನಕ್ಕಳು.

"ನಾನು ಹಮೀದಾ," ಎಂದಳು.

ಅಷ್ಟು ಹೇಳಿದರೆ ಎಲ್ಲ ಹೇಳಿದಂತಾಯಿತು ಎನ್ನುವ ಹಾಗೆ ಹೇಳಿದಳು. ಹೊಸ ಊರು, ಹೊಸ ಮನೆ, ಗೋಡೆಯೊಳಗಿಂದ ಒಬ್ಬಳು ಬಂದು ನಿಂತರೆ ಯಾರಿಗಾದರೂ ಏನಾಗಬೇಕು? "ಯಾರ್ನ ಕೇಳಿ ಒಳಗ ಬಂದ್ರಿ? ಈ ಬಾಗಲಾ ಹ್ಯಾಂಗ ತಗದ್ರಿ?" ಎಂದು ಗಟ್ಟಿಯಾಗಿಯೇ ಕೇಳಿದೆ. ನನ್ನ ಮಾತಿನಲ್ಲಿ ತಪ್ಪಿರಲಿಲ್ಲ, ಇವತ್ತಿಗೂ ಹಾಗೇ ಹೇಳುತ್ತೇನೆ.

ಆಕೆಯ ನಗು ಅಲ್ಲೇ ನಿಂತಿತು. "ಕೇಶರ ಆಪಾ ನಿಮಗ ಹೇಳಿಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿದಳು. ನಾನು ಇಲ್ಲ ಎಂದೆ. ಖಾಲಿ ಕೊಡವನ್ನೊಮ್ಮೆ ನೋಡಿಕೊಂಡು, ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು ಬಾಗಿಲು ಮುಚ್ಚಿಕೊಂಡಳು. ಚಿಲಕ ಬಿದ್ದ ಸಪ್ಪಳವಾಯಿತು.

ನಾನು ಬಾಗಿಲು ನೂಕಿ ನೋಡಿದೆ, ಅಲುಗಲಿಲ್ಲ. ನನ್ನ ಮನೆಯ ಗೋಡೆಯಲ್ಲಿ ನಾನು ತೆರೆಯಲಾಗದ ಬಾಗಿಲು! ಚಿಲಕ ಆಚೆ ಕಡೆ ಯಾಕೆ? ಬಾವಿ ನಮ್ಮದು, ಗೋಡೆ ನಮ್ಮದು, ಚಿಲಕ ಮಾತ್ರ ಅವರದು, ಇದು ಯಾವ ನ್ಯಾಯ? ಕೆಲಸ ಬಿಟ್ಟು ಹಲಗೆಯ ಸೀಳಿನಲ್ಲಿ ಕಣ್ಣಿಟ್ಟೆ. ಚಿಕ್ಕ ಅಂಗಳ ಕಂಡಿತು. ಗೋಡೆಗೆ ಒರಗಿಸಿಟ್ಟ ತಾಮ್ರದ ಕೊಡಗಳು, ಒಂದೊಂದೂ ಬೋರಲು. ಬಾವಿ ಕಾಣಲಿಲ್ಲ. ಅಂಗಳದ ನೆಲವೆಲ್ಲ ಒಂದೇ ಬಂಡೆ. ಅಲ್ಲಿ ಬಾವಿ ತೋಡಲು ಯಾರಿಂದಲೂ ಆಗದು ಎನ್ನುವುದು ನನಗೂ ತಿಳಿಯಿತು.

ನಮ್ಮವರಿಗೆ ಹೇಳಿದೆ. ಅವರು ಎದ್ದು ಹೋಗಿ ಬಾಗಿಲನ್ನು ಮೇಲಿಂದ ಕೆಳಗೆ ಪರೀಕ್ಷೆ ಮಾಡಿದರು, ಮಕ್ಕಳ ಪಾಟಿ ತಿದ್ದುವ ಮುಖದಲ್ಲೇ. "ಪತ್ರದಾಗ ನಾಕೂ ದಿಕ್ಕಿನ ಗಡಿ ಐತಿ. ಬಾಗಲಾ ಅಂತ ಎಲ್ಲೂ ಇಲ್ಲ. ಹಿತ್ತಲಾಗ ಬಾಗಲಾ ಇದ್ದು, ಅದರ ಚಿಲಕ ಮಂದಿ ಕೈಯಾಗ ಇದ್ರ ನಾವು ಮನಿ ಬಿಟ್ಟು ಊರಿಗೆ ಹೋಗೂದು ಹ್ಯಾಂಗ?" ಎಂದರು.

"ಅವರಿಗೆ ನೀರ ಬೇಕಾಗಿತ್ತು ಅನಸ್ತೈತ್ರಿ."

"ನೀರು ಬೇಕಂದ್ರ ಮುಂಚಿ ಬಾಗಲಿಗೆ ಬಂದು ಕೇಳಲಿ. ನಾ ಬ್ಯಾಡ ಅಂದೇನೇನು?"

ಮುಂಬಾಗಿಲಿಗೆ ಹಮೀದಾ ಬರುವಂತಿರಲಿಲ್ಲ. ಪರದೆಯ ಮನೆತನ. ಗಂಡ ಬೀದರದ ಗಾಂಧಿ ಗಂಜ್ ಪೇಟೆಯಲ್ಲಿ ಒಂದು ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದು, ವಾರಕ್ಕೊಮ್ಮೆ ಮನೆಗೆ ಬರುವವನು. ಹಾಸಿಗೆ ಹಿಡಿದ ಅತ್ತೆ ಬಿಸ್ಮಿಲ್ಲಾಬೀ ಬಿಟ್ಟರೆ ಮನೆಯಲ್ಲಿ ಇನ್ಯಾರೂ ಇಲ್ಲ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಇಷ್ಟೇ: ಆ ದಿನದಿಂದ ಬಾಗಿಲು ತೆರೆಯಲಿಲ್ಲ. ನಾನು ದಿನಕ್ಕೊಮ್ಮೆ ಸೀಳಿನಲ್ಲಿ ನೋಡುತ್ತಿದ್ದೆ. ಎಲ್ಲಿಂದಲೋ ಒಬ್ಬ ಮುದುಕ ಒಂದು ಕೊಡ ನೀರು ತಂದು ಇಟ್ಟು ಹೋಗುತ್ತಿದ್ದ. ಉಳಿದ ಕೊಡಗಳು ಬೋರಲೇ ಇರುತ್ತಿದ್ದವು. ಒಂದು ಕೊಡದಲ್ಲಿ ಒಂದು ಮನೆ ನಡೆಯುವುದು ಹೇಗೆ ಎಂದು ಯೋಚಿಸಿ ನನಗೆ ಊಟ ಸೇರುತ್ತಿರಲಿಲ್ಲ. ಬಾಗಿಲು ತಟ್ಟೋಣವೆಂದರೆ ಏನೆಂದು ಮಾತಾಡಬೇಕೋ ಗೊತ್ತಿರಲಿಲ್ಲ.

ಅಷ್ಟರಲ್ಲಿ ನಮ್ಮವರು ಗೌಂಡಿಯನ್ನು ಗೊತ್ತು ಮಾಡಿ ಇಟ್ಟಂಗಿ ತರಿಸಿದರು. ಬಾಗಿಲಿಗೆ ಈ ಕಡೆಯಿಂದ ಗೋಡೆ ಕಟ್ಟಿಸಿಬಿಡುವುದು ಎಂದು ತೀರ್ಮಾನ. ಅದೇ ದಿನ ಕಾಶೀರಾಮ ಬಂದ. ಬಿಟ್ಟುಹೋಗಿದ್ದ ಬೀಸುವ ಕಲ್ಲು ಒಯ್ಯಲು ಬಂದಿದ್ದ. ಹಿತ್ತಿಲಲ್ಲಿ ಇಟ್ಟಂಗಿಯ ರಾಶಿ ನೋಡಿ, "ಬಚ್ಚಲಾ ಕಟ್ಟಸ್ತೀರೇನ್ರಿ ಮಾಸ್ತರ್?" ಎಂದು ಕೇಳಿದ. ನಮ್ಮವರು ಬಾಗಿಲು ತೋರಿಸಿದರು. ಅವನು ಕಲ್ಲು ಒಯ್ಯುವುದನ್ನು ಮರೆತು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದುಬಿಟ್ಟ.

ಮರುದಿನ ಗೌಂಡಿ ಕೆಲಸ ಹಿಡಿದ. ಗೋಡೆ ಮೊಣಕಾಲಿನ ಎತ್ತರಕ್ಕೆ ಬಂದಿತ್ತು. ರಜೆಯ ದಿನವಾದ್ದರಿಂದ ನಮ್ಮವರು ಅಲ್ಲೇ ನಿಂತು ದಾರ ಹಿಡಿದು ಸಾಲು ನೋಡುತ್ತಿದ್ದರು. ಆಗ ಆಚೆ ಚಿಲಕದ ಸಪ್ಪಳವಾಯಿತು. ಒಂದು ಸಲ ಎಳೆದದ್ದು, ಬರಲಿಲ್ಲ. ಇನ್ನೊಂದು ಸಲ. ಆಮೇಲೆ ಬಾಗಿಲು ಆಚೆಗೆ ತೆರೆದುಕೊಂಡಿತು.

ಹಮೀದಾ ಇರಬೇಕೆಂದು ನಮ್ಮವರು ಮುಖ ತಿರುಗಿಸಿದರು. ಬಾಗಿಲಲ್ಲಿ ನಿಂತಿದ್ದವಳು ಕೇಶರಬಾಯಿ. ಹಣೆಯ ಕುಂಕುಮ ಬೆವರಿಗೆ ಇಳಿದಿತ್ತು. ಕಂಕುಳಲ್ಲಿ ಹಮೀದಾಳ ತಾಮ್ರದ ಕೊಡ.

"ಕೇಶರಬಾಯಿ!" ಎಂದರು ನಮ್ಮವರು. "ಮುಂದಿನ ಬಾಗಲದಿಂದ ಬರೂದು ಬಿಟ್ಟು ಇದೇನ್ರಿ?"

"ಮುಂದಿನ ಬಾಗಲಾ ಈಗ ನಿಮ್ದರಿ ಮಾಸ್ತರ್. ಈ ಬಾಗಲಾ ಹಮೀದಾಂದು. ಅದಕ್ಕ ಅಕಿ ಮನ್ಯಾಗಿಂದ ಬಂದೇನಿ." ಆಕೆ ನನ್ನ ಕಡೆ ಕೊಡ ಚಾಚಿದಳು. "ತಂಗಿ, ಮೊದ್ಲ ಒಂದು ಕೊಡ ನೀರ ಹಾಕು. ಮುದುಕಿ ಬಾಯಿ ಒಣಗೇದ. ಜಗಳ ಆಮ್ಯಾಲ ಮಾಡೋಣು."

ತಾನು ಮದುವೆಯಾಗಿ ಬಂದಂದಿನಿಂದ ಸೇದಿದ ಬಾವಿಯ ನೀರನ್ನು ಆಕೆ ಕೇಳಿ ಪಡೆಯುತ್ತಿದ್ದಳು. ನಾನು ಸೇದಿ ತುಂಬಿಸಿದೆ. ಆಕೆ ಅದನ್ನು ಹಿಂದೆ ದಾಟಿಸಿದಳು. ಬಾಗಿಲ ಮರೆಯಿಂದ ಒಂದು ಕೈ ಬಂದು ಕೊಡ ತೆಗೆದುಕೊಂಡಿತು. ಮುಖ ಕಾಣಲಿಲ್ಲ.

ನಮ್ಮವರಿಗೂ ಸಿಟ್ಟು ಬಂದಿತ್ತು, ಅದು ನ್ಯಾಯದ ಸಿಟ್ಟೇ. "ಕೊಟ್ಟಿಗಿ ಚೇಳು ಹೇಳಿದ್ರಿ, ತೊಲಿ ಸೀಳಿದ್ದು ಹೇಳಿದ್ರಿ. ಹಗೇವು ಕಾಲಿಲೆ ಗುದ್ದಿ ತೋರಿಸಿದ್ರಿ. ಇಷ್ಟು ದೊಡ್ಡ ಬಾಗಲಾ ಯಾಕ ಹೇಳಲಿಲ್ಲ?"

ಕೇಶರಬಾಯಿ ಆ ಅರ್ಧ ಗೋಡೆಯ ಮೇಲೆಯೇ ಕೂತುಬಿಟ್ಟಳು. ಆಕೆಗೆ ಮಾತು ಸಿಗದೆ ಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಐಬು ಎಲ್ಲಾ ಹೇಳಿದ್ನಿರಿ ಮಾಸ್ತರ್," ಎಂದಳು ಕೊನೆಗೆ. "ನೆನಪ ಮಾಡಿ ಮಾಡಿ ಹೇಳಿದ್ನಿ. ಇದು ಐಬು ಅಲ್ಲಲ್ರಿ."

ಗೌಂಡಿ ಕೈಯಲ್ಲಿದ್ದ ಇಟ್ಟಂಗಿ ಕೆಳಗಿಟ್ಟ. ನನಗೆ ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡ ಪ್ರಶ್ನೆ ಇನ್ನು ತಡೆಯಲಾಗಲಿಲ್ಲ. "ಅಕ್ಕಾ, ಬಾಗಲಾ ಇರಲಿ. ಚಿಲಕ ಯಾಕ ಆ ಕಡೆ? ನೀರು ಕೊಡವ್ರು ನೀವು, ನಿಮ್ಮ ಕಡೆ ಇರಬೇಕಲ್ಲ?"

"ನಾನೂ ಹಿಂಗೇ ಕೇಳಿದ್ನೆ ತಂಗಿ, ನಮ್ಮತ್ತಿಗಿ," ಎಂದು ಕೇಶರಬಾಯಿ ನನ್ನ ಮೊಣಕೈ ಹಿಡಿದುಕೊಂಡಳು. ಹಿಡಿದ ಮೇಲೆ ಮಾತು ಸಲೀಸಾಯಿತು. "ಹಮೀದಾ ಲಗ್ನ ಆಗಿ ಬಂದಾಗ ಅಕಿಗಿ ಹೊರಗ ಹೋಗಿ ನೀರ ತರೂ ಹಂಗ ಇರಲಿಲ್ಲ. ನಮ್ಮತ್ತಿ ಭಾಗೀರಥಿಬಾಯಿನೇ ಗೋಡಿ ಒಡಿಸಿ ಈ ಬಾಗಲಾ ಇಟ್ಲು. ಬಡಿಗ್ಯಾ ಚಿಲಕ ಈ ಕಡಿ ಬಡೀತಿದ್ದ. ಅತ್ತಿ ಬ್ಯಾಡ ಅಂದ್ಲು. ನಮ್ಮ ಕಡಿ ಇದ್ರ ನಮ್ಮ ಗಂಡಸರು ಯಾವಾಗ ಬೇಕಾದ್ರೂ ತಗೀತಾರ, ಅಕಿ ಅಂಗಳದಾಗ ಓಢಣಿ ಇಲ್ಲದ ಕೂಡೂದ ಆಗೂದಿಲ್ಲ. ಇನ್ನೊಂದು ಮಾತ ಅಂದ್ಲು. ನೀರ ನಮ್ಮ ಕಡಿ ಅದ, ಚಿಲಕಾನೂ ನಮ್ಮ ಕಡಿನೇ ಇದ್ರ ಅಕಿ ಕೈಯಾಗ ಏನ ಉಳೀತು ಅಂದ್ಲು."

ಕೇಶರಬಾಯಿ ಮುಂದುವರಿಸಿದಳು. "ನಾವು ಈ ಕಡಿಯಿಂದ ಒಮ್ಮೆನೂ ಬಾಗಲಾ ತಟ್ಟಿಲ್ರಿ. ಅಕಿ ತಗದ್ರ ಬಂದ್ಲು, ಇಲ್ಲಂದ್ರ ಇಲ್ಲ. ಮಾಸ್ತರ್, ನಾ ಹೇಳಬೇಕಾಗಿತ್ತು, ಹೇಳಲಿಲ್ಲ. ತಪ್ಪ ನಂದು. ನಿಮಗ ಬ್ಯಾಡಂದ್ರ ಸೌದಾ ಮುರೀರಿ. ಔರಾದದ ಮನಿ ಬಿಟ್ಟು ನಾ ಇಲ್ಲಿ ವಾಪಸ್ ಬರ್ತೇನಿ. ನಮ್ಮ ಮನಿಯವರು ಬೇಕಾದ್ರ ಅಲ್ಲಿ ಗಿಡದ ಕೆಳಗ ಇರ್ಲಿ."

ಆಕೆ ತಮಾಷೆ ಮಾಡುತ್ತಿರಲಿಲ್ಲ. ನಾವು ಹೂಂ ಎಂದಿದ್ದರೆ ಅವತ್ತೇ ಬಂಡಿ ತರುತ್ತಿದ್ದಳು. ಒಬ್ಬ ನೆರೆಯವಳ ಒಂದು ಕೊಡ ನೀರಿಗಾಗಿ ಹೊಸ ಸೂರು, ಗಂಡನ ನೌಕರಿಯ ಊರು ಎಲ್ಲ ಬಿಡಲು ಸಿದ್ಧಳಾಗಿ ಬಂದಿದ್ದಳು. ಆ ಹೆಂಗಸಿನ ಮೇಲೆ ನನಗೆ ಆ ಗಳಿಗೆ ಹುಟ್ಟಿದ ಪ್ರೀತಿ ಕೊನೆಯವರೆಗೂ ಹೋಗಲಿಲ್ಲ. ನಾನು ನಮ್ಮವರ ಮುಖ ನೋಡಿದೆ. ಅವರು ಏನಾದರೂ ಕಾನೂನು ಆಡಿದ್ದರೆ ನಾನು ಎಂಟು ದಿನವಲ್ಲ, ಎಂಟು ತಿಂಗಳು ಮಾತು ಬಿಡುತ್ತಿದ್ದೆ.

ಅವರು ಕೈಯಲ್ಲಿದ್ದ ದಾರವನ್ನು ನಿಧಾನವಾಗಿ ಸುತ್ತಿದರು. ಗೌಂಡಿ ಬೀಡಿ ಹಚ್ಚಿಕೊಂಡು, "ಕಟ್ಲೋ ಬ್ಯಾಡೋ ಹೇಳ್ರಿ ಸಾಹೇಬ್ರ, ಸುಣ್ಣ ಒಣಗ್ಲಿಕತ್ತದ," ಎಂದ.

"ಬಿಚ್ಚು," ಎಂದರು ನಮ್ಮವರು. "ಆ ಇಟ್ಟಂಗಿಲೆ ಬಚ್ಚಲಾ ಕಟ್ಟು." ಆಮೇಲೆ ಕೇಶರಬಾಯಿಯ ಕಡೆ ತಿರುಗಿ, "ಬಾಯಿ, ಈ ಮನಿಯೊಳಗ ಐಬು ಅಲ್ಲದ್ದು ಇನ್ನೂ ಏನಾರ ಐತೇನು? ಇದ್ರ ಈಗ ಹೇಳಿಬಿಡ್ರಿ," ಎಂದರು.

ಕೇಶರಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕಳು. "ಇಲ್ರಿ. ಆದ್ರ ಐಬೇ ಒಂದು ಉಳಿದಿತ್ತರಿ. ಈ ಚಿಲಕದ ಸಪ್ಪಳ ದಿನಾ ಕೇಳೇನಿ, ಕೈಲೆ ಮುಟ್ಟಿದ್ದು ಇವತ್ತೇ. ಭಾಳ ಬಿಗಿ ಅದರಿ. ಇಷ್ಟು ವರ್ಷ ಕೊಡ ಹಿಡಕೊಂಡು ಅಕಿ ಅದನ್ನ ಹ್ಯಾಂಗ ಎಳೀತಿದ್ಲೋ, ಒಂದಿನಾನೂ ನನಗ ಹೇಳ್ಲಿಲ್ಲ." ಒಳಗೆ ಹೋಗಿ ನನ್ನ ಅಡುಗೆ ಮನೆಯಿಂದ ಎಣ್ಣೆ ತಂದು ಚಿಲಕಕ್ಕೆ ಸುರಿದಳು. ಬೀಸುವ ಕಲ್ಲನ್ನು ನನಗೇ ಬಿಟ್ಟು, ಸಂಜೆಯ ಬಸ್ಸಿಗೆ ಔರಾದಕ್ಕೆ ಹೋದಳು.

ಬಾಗಿಲು ಮುಚ್ಚಿಕೊಂಡಿತು. ಮರುದಿನ ನಾನು ಬೇಗ ಎದ್ದು, ಹಗ್ಗ ಸುತ್ತಿಟ್ಟು, ಕಟ್ಟೆ ತೊಳೆದು, ಬಾವಿಯ ಹತ್ತಿರ ಕೂತೆ. ಆಚೆ ಕೊಡಗಳ ಸಪ್ಪಳ ಕೇಳಿಸುತ್ತಿತ್ತು. ಬಾಗಿಲು ತೆರೆಯಲಿಲ್ಲ. ಒಮ್ಮೆ ಬಂದು ಬೈಸಿಕೊಂಡು ಹೋದವಳು ಮತ್ತೆ ಯಾಕೆ ಬರಬೇಕು? ಕೇಶರಬಾಯಿ ಬಂದು ಹೇಳಿದ್ದು ನಮಗೆ, ಆಕೆಯ ಮನಸ್ಸಿನಲ್ಲಿ ಏನಿದೆಯೋ ಯಾರಿಗೆ ಗೊತ್ತು? ಎದ್ದು ಹೋಗಿ ಬಾಗಿಲಿಗೆ ಕೈ ಹಚ್ಚಿದೆ. ತಟ್ಟುವಂತಿರಲಿಲ್ಲ. ನೀರು ನಮ್ಮ ಕಡೆ ಇತ್ತು, ಚಿಲಕ ಆಕೆಯ ಕಡೆ. ನಾನು ಬಂದು ಮತ್ತೆ ಕೂತೆ. ಒಲೆ ಹಚ್ಚುವ ಹೊತ್ತು ಮೀರುತ್ತಿತ್ತು, ಒಳಗಿನಿಂದ ನಮ್ಮವರು ಚಹಾ ಕೇಳಿದರು. ನಾನು ಏಳಲಿಲ್ಲ.

ಬಿಸಿಲು ಕಟ್ಟೆಯ ಮೇಲೆ ಬಂದ ಮೇಲೆ ಚಿಲಕ ಸರಿಯಿತು. ಎಣ್ಣೆ ಬಿದ್ದಿದ್ದರಿಂದ ಸಪ್ಪಳವೇ ಆಗಲಿಲ್ಲ, ಬಾಗಿಲು ಅಲುಗಿದ್ದು ಕಂಡಿತು ಅಷ್ಟೇ. ಓಢಣಿ ಹೊದ್ದ ಹೆಂಗಸು ಕಂಕುಳಲ್ಲಿ ಕೊಡ ಇಟ್ಟುಕೊಂಡು ಹೊಸ್ತಿಲಲ್ಲೇ ನಿಂತಿದ್ದಳು. ಈ ಸಲ ನಗಲಿಲ್ಲ.

"ನಾನು ಹಮೀದಾ," ಎಂದಳು.

"ಬರ್ರಿ," ಎಂದೆ, "ಹಗ್ಗ ಇಲ್ಲೇ ಅದ."